ವಿದೇಶದಲ್ಲಿರುವ ಮಕ್ಕಳಿಗೆ ಹೊಲ: ದಾನಪತ್ರಕ್ಕೆ ಮುನ್ನ ತಿಳಿದಿರಲಿ

ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಲ್ಲಿ ಹೊಲವಿದೆ, ಮಗ ಅಮೆರಿಕದಲ್ಲಿದ್ದಾನೆ. ತಂದೆ ಈಗಲೇ ಅವನಿಗೆ ದಾನಪತ್ರ ಮಾಡಿಕೊಡಬಹುದೇ? ಆಗದು. ಫೆಮಾ ಕಾಯ್ದೆಯ 2019ರ ನಿಯಮಗಳ ಪ್ರಕಾರ ಅನಿವಾಸಿ ಭಾರತೀಯರು, ಓಸಿಐ ಕಾರ್ಡುದಾರರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್‌ಗಳನ್ನು ಕೊಳ್ಳುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ. ಮನೆ, ನಿವೇಶನಕ್ಕೆ ಈ ಅಡ್ಡಿಯಿಲ್ಲ. ರಾಜ್ಯ ಸರ್ಕಾರ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಯಾರು ಬೇಕಾದರೂ ಹೊಲ ಕೊಳ್ಳಬಹುದೆಂಬ ಮಾತಿದೆ. ಅನಿವಾಸಿಗಳ ಮಟ್ಟಿಗೆ ಅದು ತಪ್ಪು. ಕೇಂದ್ರದ ಫೆಮಾ ನಿರ್ಬಂಧ ಹಾಗೆಯೇ ಉಳಿದಿದೆ.

ಆದರೆ ವಾರಸುದಾರಿಕೆಯಿಂದ ಬಂದ ಜಮೀನಿಗೆ ತಕರಾರಿಲ್ಲ. ಹಿರಿಯರು ತಮ್ಮ ಪಾಲಿಗೆ ವಿಲ್ ಬರೆದು ನೋಂದಾಯಿಸಿಟ್ಟರೆ ಒಳ್ಳೆಯದು. ವಿಲ್ ಇಲ್ಲದಿದ್ದರೆ ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೂ ಸಮಪಾಲು. ಮರಣ ಪ್ರಮಾಣಪತ್ರ, ವಂಶವೃಕ್ಷದೊಂದಿಗೆ ಪೌತಿ ಖಾತೆಗೆ ಅರ್ಜಿ ಹಾಕಬೇಕು. ಮಗ ಬರಲಾಗದಿದ್ದರೆ ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ಸಹಿ ದೃಢೀಕರಿಸಿದ ಅಧಿಕಾರಪತ್ರ ಕಳಿಸಬಹುದು. ಅದು ರಾಜ್ಯಕ್ಕೆ ಬಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು; ಮರೆತುಹೋಗುವುದು ಸಾಮಾನ್ಯವಾಗಿ ಇದೇ.

ಮುಂದೆ ಮಾರುವುದಾದರೆ ಭಾರತದಲ್ಲೇ ವಾಸಿಸುವ ಭಾರತೀಯ ಪ್ರಜೆಗೆ ಮಾರಬೇಕು. ಹಣ ಎನ್‌ಆರ್‌ಒ ಖಾತೆಗೆ ಹೋಗುತ್ತದೆ. ತೆರಿಗೆ ಲೆಕ್ಕ ಮುಗಿಸಿ ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು.