ವಿಮಾನದಲ್ಲಿ ಗಣಿಗೆ, ರೈಲಿನಲ್ಲಿ ನಗರಕ್ಕೆ

ಆಸ್ಟ್ರೇಲಿಯಾದ ಪರ್ತ್ ನಗರದ ವಿಮಾನ ನಿಲ್ದಾಣಕ್ಕೆ ಬೆಳಗಿನ ಜಾವ ಹೋದರೆ ಒಂದು ವಿಚಿತ್ರ ಕಾಣಿಸುತ್ತೆ. ಸಾಲಿನಲ್ಲಿ ನಿಂತವರ ಮೈಮೇಲೆ ಸೂಟು ಇರೋದಿಲ್ಲ. ಹೊಳೆಯುವ ಪಟ್ಟಿ ಹಚ್ಚಿದ ಹಳದಿ, ಕಿತ್ತಳೆ ಬಣ್ಣದ ಅಂಗಿ, ಕಾಲಲ್ಲಿ ದಪ್ಪ ಬೂಟು. ಇವರು ಪ್ರವಾಸಕ್ಕೆ ಹೊರಟವರಲ್ಲ, ಗಣಿ ಕಾರ್ಮಿಕರು. ಡ್ಯೂಟಿಗೆ ಹೊರಟಿದ್ದಾರೆ!

ಗಣಿ ಎಲ್ಲಿದೆ? ಪಿಲ್ಬರಾ ಅನ್ನೋ ಕಬ್ಬಿಣದ ಅದಿರಿನ ನಾಡಿನಲ್ಲಿ. ಅಲ್ಲಿನ ನ್ಯೂಮನ್ ಊರಿಗೆ ಪರ್ತ್‌ನಿಂದ ರಸ್ತೆಯಲ್ಲಿ ಸುಮಾರು 1,200 ಕಿಲೋಮೀಟರ್. ಬೆಂಗಳೂರಿನಿಂದ ಮುಂಬೈಗಿಂತಲೂ ದೂರ.

ಹಲವರ ಲೆಕ್ಕ ಹೀಗಿರುತ್ತೆ: ಎರಡು ವಾರ ಕೆಲಸ, ಒಂದು ವಾರ ಮನೆ. ಕೆಲವರಿಗೆ ಎಂಟು ದಿನ ಕೆಲಸ, ಆರು ದಿನ ಬಿಡುವು. ಗಣಿಯಲ್ಲಿದ್ದಾಗ ದಿನಕ್ಕೆ 12 ಗಂಟೆ ಪಾಳಿ. ಮಲಗೋದಕ್ಕೆ ಕ್ಯಾಂಪಿನಲ್ಲಿ ಡಬ್ಬದಂಥ ಒಂಟಿ ಕೋಣೆ. ಊಟ, ಬಟ್ಟೆ ಒಗೆಯೋದು, ವಿಮಾನದ ಟಿಕೆಟ್, ಎಲ್ಲ ಸಾಮಾನ್ಯವಾಗಿ ಕಂಪನಿಯದೇ.

ಕೇಳೋದಕ್ಕೆ ಚೆನ್ನಾಗಿದೆ ಅಲ್ವಾ? ಸಂಬಳವೂ ಚೆನ್ನಾಗಿದೆ. ಹಾಗಾದರೆ ಕಂಪನಿಗಳು ಇಷ್ಟು ಖರ್ಚು ಯಾಕೆ ಮಾಡ್ತವೆ? ಧರ್ಮಕ್ಕಲ್ಲ. ಊರು ಕಟ್ಟೋದಕ್ಕಿಂತ ವಿಮಾನ ಹಾರಿಸೋದು ಅಗ್ಗ ಅಂತ.

1960ರ ದಶಕದಲ್ಲಿ ಪಿಲ್ಬರಾದಲ್ಲಿ ಕಂಪನಿಗಳೇ ಊರು ಕಟ್ಟಿದವು. ನ್ಯೂಮನ್ ಹಾಗೆ ಹುಟ್ಟಿದ್ದೇ. ಗಣಿ ಅಂದ್ರೆ ಜೊತೆಗೆ ಮನೆ, ಶಾಲೆ, ಆಸ್ಪತ್ರೆ. ಆಮೇಲೆ 1986ರಲ್ಲಿ ನೌಕರರಿಗೆ ಕೊಡುವ ಸವಲತ್ತುಗಳ ಮೇಲೆ ಆಸ್ಟ್ರೇಲಿಯಾ ಸರ್ಕಾರ ತೆರಿಗೆ ಹಾಕಿತು. ಮನೆ ಕೊಡೋದು ದುಬಾರಿಯಾಯಿತು. ಹೊಸ ಗಣಿಗಳ ಆಯುಸ್ಸೂ ಕಮ್ಮಿ. ಹೆಂಡತಿಗೆ ನಗರದಲ್ಲಿ ಕೆಲಸ, ಮಕ್ಕಳಿಗೆ ನಗರದ ಶಾಲೆ ಬೇಕು ಅಂತ ಕಾರ್ಮಿಕರೂ ಬಯಸಿದರು, ಅದನ್ನೂ ಹೇಳಲೇಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗಣಿ ಮುಗಿದಾಗ ಕ್ಯಾಂಪು ಬಿಚ್ಚಿದರೆ ಆಯಿತು. ಊರಾದರೆ ಹಾಗಲ್ಲ. ಗೋಲ್ಡ್ಸ್‌ವರ್ದಿ ಅನ್ನೋ ಗಣಿ ಪಟ್ಟಣ ಅಲ್ಲೇ ಇತ್ತು. ಗಣಿ ನಿಂತ ಮೇಲೆ, 1990ರ ದಶಕದ ಆರಂಭದಲ್ಲಿ ಊರನ್ನೇ ಕಿತ್ತು ಹಾಕಿದರು.

ಈಗ ಇನ್ನೊಂದು ಲೆಕ್ಕ ನೋಡಿ. ಎರಡು ವಾರಕ್ಕೆ ಒಂದು ವಾರ ಅಂದ್ರೆ, ವಾರ್ಷಿಕ ರಜೆ ಕಳೆದರೂ ಮನುಷ್ಯ ವರ್ಷದಲ್ಲಿ ಏಳು ತಿಂಗಳಿಗೂ ಹೆಚ್ಚು ಮನೆಯಿಂದ ದೂರ. ಮಗುವಿಗೆ ಜ್ವರ ಬಂದಾಗ ಇಲ್ಲ, ಹಬ್ಬಕ್ಕಿಲ್ಲ. ಈ ಲೆಕ್ಕ ಕಂಪನಿಯ ಪುಸ್ತಕದಲ್ಲಿ ಬರೋದಿಲ್ಲ. ಕಾರ್ಮಿಕರ ಆತ್ಮಹತ್ಯೆಗಳು ಸುದ್ದಿಯಾದ ಮೇಲೆ ಪಶ್ಚಿಮ ಆಸ್ಟ್ರೇಲಿಯಾ ಸಂಸತ್ತಿನ ಸಮಿತಿಯೊಂದು ವಿಚಾರಣೆ ನಡೆಸಿ 2015ರಲ್ಲಿ ವರದಿ ಕೊಟ್ಟಿತು. ಕೆಲಸದಷ್ಟೇ ದಿನ ಬಿಡುವೂ ಇರಲಿ ಅಂದಿತು. 2022ರಲ್ಲಿ ಮತ್ತೊಂದು ವರದಿ ಬಂತು. ಈ ಗಣಿಗಳಲ್ಲಿ ಮಹಿಳೆಯರ ಮೇಲೆ ನಡೆದ ಲೈಂಗಿಕ ಕಿರುಕುಳದ್ದು. ಪಾಳಿ ಮುಗಿದ ಮೇಲೂ ಸಹೋದ್ಯೋಗಿಗಳ ನಡುವೆಯೇ ಇರಬೇಕು, ಮನೆಗೆ ಓಡಿಹೋಗೋ ಹಾಗಿಲ್ಲ ಅಂದ್ರೆ ಹೇಗಿರುತ್ತೆ, ಯೋಚನೆ ಮಾಡಿ.

ಇದನ್ನೆಲ್ಲ ಕನ್ನಡದ ವೀಕ್ಷಕರಿಗೆ ಯಾಕೆ ಹೇಳ್ತಿದ್ದೀನಿ? ಯಾಕಂದ್ರೆ ಇದೇ ಕಥೆಯ ಇನ್ನೊಂದು ಮುಖ ನಮ್ಮ ಕೋಲಾರ ಜಿಲ್ಲೆಯಲ್ಲಿದೆ.

ಕೆಜಿಎಫ್‌ನಲ್ಲಿ ಗಣಿ ಪಕ್ಕದಲ್ಲೇ ಊರು ಕಟ್ಟಿದರು. ಶಿವನಸಮುದ್ರದಿಂದ 1902ರಲ್ಲೇ ಕರೆಂಟು ಬಂತು. ಸಾಹೇಬರಿಗೆ ಬಂಗಲೆ, ಕಾರ್ಮಿಕರಿಗೆ ಕಿರಿದಾದ ಲೈನು ಮನೆ. ಆದರೂ ಅದು ಊರು. ಮನೆಯಿಂದ ನಡೆದೇ ಡ್ಯೂಟಿಗೆ ಹೋಗಬಹುದಿತ್ತು. ಅಲ್ಲಿಂದ ಭೂಮಿಯೊಳಕ್ಕೆ, ಮೂರು ಕಿಲೋಮೀಟರಿಗೂ ಆಳಕ್ಕೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಗೋಲ್ಡ್ಸ್‌ವರ್ದಿಯ ಹಾಗೆ ಕೆಜಿಎಫ್‌ ಅನ್ನು ಯಾರೂ ಕಿತ್ತು ಹಾಕಲಿಲ್ಲ. ಜನ ಅಲ್ಲೇ ಉಳಿದರು, ಕೆಲಸ ಮಾತ್ರ ಹೋಯಿತು. ಅವತ್ತಿನಿಂದ ಅಲ್ಲಿನ ಸಾವಿರಾರು ಮಂದಿ ಕತ್ತಲಲ್ಲೇ ಎದ್ದು ರೈಲು ಹತ್ತಿ ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಬರ್ತಾರೆ, ರಾತ್ರಿ ವಾಪಸ್ ಹೋಗ್ತಾರೆ. ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು. ಟಿಕೆಟ್ಟಿನ ದುಡ್ಡು ಅವರದೇ, ನಿದ್ದೆಗೆಟ್ಟ ದಿನಗಳೂ ಅವರದೇ.

ಹಾಗಂತ ಊರು ಕಟ್ಟಿದ್ದು ತಪ್ಪು ಅಂತ ನಾನು ಹೇಳೋದಿಲ್ಲ, ವಿಮಾನ ಹಾರಿಸೋದೇ ಸರಿ ಅಂತಾನೂ ಹೇಳೋದಿಲ್ಲ. ಎರಡೂ ಕಡೆ ಅದಿರು ಅಥವಾ ಚಿನ್ನ ಎಷ್ಟು ಸಿಗುತ್ತೆ ಅನ್ನೋದನ್ನ ಮೊದಲೇ ಅಳೆದಿದ್ದರು. ಕಾರ್ಮಿಕ ಮನೆಯಿಂದ ಎಷ್ಟು ದೂರ ಇರಬೇಕಾಗುತ್ತೆ, ಗಣಿ ಮುಚ್ಚಿದ ಮಾರನೇ ದಿನ ಎಲ್ಲಿಗೆ ಹೋಗ್ತಾನೆ ಅನ್ನೋದನ್ನ ಅಳೆಯಲಿಲ್ಲ. ಹಟ್ಟಿಯಲ್ಲಿ ಇವತ್ತಿಗೂ ಚಿನ್ನ ತೆಗೀತಿದ್ದಾರೆ, ಸಂಡೂರಿನಲ್ಲಿ ಅದಿರು ಅಗೀತಿದ್ದಾರೆ. ಅಲ್ಲಾದರೂ ಈ ಲೆಕ್ಕವನ್ನ ಗಣಿ ನಡೀತಿರುವಾಗಲೇ ಹಾಕಿ ಸ್ವಾಮಿ. ಮುಚ್ಚಿದ ಮೇಲೆ ರೈಲಿಗೆ ಇನ್ನೆರಡು ಬೋಗಿ ಸೇರಿಸೋದು ಉತ್ತರವಲ್ಲ.