ಒಂದು ರೂಪಾಯಿಯ ಮುಸ್ತಫಾ

ನಿಮ್ಮ ಮನೆಯಲ್ಲಿ ನಲ್ವತ್ತರ ಆಸುಪಾಸಿನ ಗಂಡಸರಿದ್ದರೆ - ಗಂಡನೋ ಅಣ್ಣನೋ ಚಿಕ್ಕಪ್ಪನೋ - ‘ಮುಸ್ತಫಾ ಗೇಮ್ ಗೊತ್ತಾ?’ ಎಂದೊಮ್ಮೆ ಕೇಳಿ ನೋಡಿ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಾದರೆ ಅವರ ಮುಖ ಅರಳುವುದನ್ನು ನೀವೇ ಕಾಣುವಿರಿ. ಪೇಟೆಯ ಯಾವುದೋ ಕತ್ತಲೆ ಕೋಣೆ, ಮಳೆಯಲ್ಲಿ ನೆನೆದ ಯೂನಿಫಾರಂ, ಬೆವರುವ ಅಂಗೈಯಲ್ಲಿ ಒಂದು ರೂಪಾಯಿಯ ನಾಣ್ಯ. ಹಬ್ಬದ ದಿನವಾದರೆ ಹಿರಿಯರು ಕೊಟ್ಟ ಈದಿ ಹಣವೂ ಅಸರ್‌ನ ಹೊತ್ತಿಗೆ ಅಲ್ಲೇ ಕರಗಿರುತ್ತಿತ್ತು.

ಆ ಆಟದ ನಿಜವಾದ ಹೆಸರು ಮುಸ್ತಫಾ ಅಲ್ಲ. ‘ಸ್ಟ್ರೀಟ್ ಫೈಟರ್ 2’ ತಯಾರಿಸಿದ ಜಪಾನಿನ ಕ್ಯಾಪ್‌ಕಾಮ್ ಕಂಪೆನಿ 1993ರಲ್ಲಿ ಹೊರತಂದ ಅದರ ಹೆಸರು ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’. ಅಮೆರಿಕದ ಮಾರ್ಕ್ ಶುಲ್ಟ್ಸ್ ಎಂಬ ಕಲಾವಿದರ ‘ಝೆನೋಝೋಯಿಕ್ ಟೇಲ್ಸ್’ ಚಿತ್ರಕತೆಯೇ ಇದಕ್ಕೆ ಮೂಲ. ಮುಂದೆಂದೋ 26ನೇ ಶತಮಾನದಲ್ಲಿ ಡೈನೋಸಾರ್‌ಗಳು ಮತ್ತೆ ಭೂಮಿಯ ಮೇಲೆ ಓಡಾಡುತ್ತಿರುತ್ತವೆ. ಅವನ್ನು ಬೇಟೆಯಾಡುವ ಕಳ್ಳರ ಗುಂಪನ್ನು ನಾಲ್ವರು ಎದುರಿಸುತ್ತಾರೆ. ನಾಯಕ ಜ್ಯಾಕ್ ಟೆನ್ರೆಕ್. ಜೊತೆಗೆ ಹ್ಯಾನಾ ಡಂಡೀ ಎಂಬ ಮಹಿಳೆ, ಮೆಸ್ ಎಂಬ ದೈತ್ಯದೇಹಿ, ಮತ್ತು ಹಳದಿ ಟೋಪಿಯ ಮುಸ್ತಫಾ ಕೈರೋ.

ಕಾಡಿನ ಪ್ರಾಣಿಗಳನ್ನು ಕಾಪಾಡುವ ಕತೆ ಅದೆಂಬುದು ಕಾಡಿನ ನಡುವೆಯೇ ಬೆಳೆದ ನಮ್ಮ ಹುಡುಗರಲ್ಲಿ ಎಷ್ಟು ಮಂದಿಗೆ ತಿಳಿದಿತ್ತು ಹೇಳಿ! ತೆರೆಯ ಮೇಲಿನ ಇಂಗ್ಲಿಷನ್ನು ಓದುವಷ್ಟು ಪುರುಸೊತ್ತು ಯಾರಿಗಿತ್ತು?

ಕಂಪೆನಿಯ ಲೆಕ್ಕದಲ್ಲಿ ನಾಯಕ ಜ್ಯಾಕ್. ನಮ್ಮ ದೇಶದ ಹುಡುಗರು ಮಾತ್ರ ಒಪ್ಪಲಿಲ್ಲ. ನಾಲ್ವರಲ್ಲಿ ಅತಿ ವೇಗದವನು ಮುಸ್ತಫಾ. ಓಡಿಬಂದು ಗಾಳಿಯಲ್ಲಿ ಹಾರಿ ಅವನು ಒದೆಯುವ ಪರಿಗೆ ಮರುಳಾಗಿ ಇಡೀ ಆಟಕ್ಕೇ ಅವನ ಹೆಸರಿಟ್ಟರು. ಮುಸ್ತಫಾ ಎಂದರೆ ಅರಬಿಯಲ್ಲಿ ‘ಆಯ್ಕೆಯಾದವನು’. ಪ್ರವಾದಿ ಮುಹಮ್ಮದ್(ಸ)ರ ಬಿರುದುಗಳಲ್ಲೊಂದಾದ್ದರಿಂದ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳಿಗಿಡುವ ಹೆಸರು.

ಆ ದಿನಗಳನ್ನು ಸ್ವಲ್ಪ ನೆನಪಿಸಿಕೊಳ್ಳಿ. ಬಾಬರಿ ಮಸೀದಿ ಉರುಳಿದ್ದು 1992ರ ಡಿಸೆಂಬರ್ 6ರಂದು. ಈ ಆಟ ಬಂದದ್ದು ಅದರ ಮರುವರ್ಷ. ಹೆಸರು ಕೇಳಿದೊಡನೆ ಎದುರಿಗಿದ್ದವರ ಮುಖಭಾವ ಬದಲಾಗುವುದನ್ನು ನಮ್ಮಲ್ಲಿ ಅನೇಕರು ಆ ವರ್ಷಗಳಲ್ಲಿ ಕಂಡವರೇ. ಅದೇ ಕಾಲದಲ್ಲಿ ಆ ಕತ್ತಲೆ ಕೋಣೆಗಳಲ್ಲಿ ಶೆಟ್ಟರ ಮಗ, ಗೌಡರ ಮಗ, ಭಟ್ಟರ ಮಗ ‘ನಾನು ಮುಸ್ತಫಾ, ನೀನು ಬೇರೆ ತಗೋ’ ಎಂದು ಕಿತ್ತಾಡುತ್ತಿದ್ದರು. ಯಾವ ಭಾಷಣವೂ ಮಾಡಿಸದ ಕೆಲಸವನ್ನು ಒಂದು ಹಳದಿ ಟೋಪಿ ಮಾಡಿಸಿತ್ತು. ಯಾರೂ ಅದನ್ನು ಸೌಹಾರ್ದವೆಂದು ಕರೆಯಲಿಲ್ಲ, ಆಡುವವರಿಗೆ ಅದರ ಪರಿವೆಯೂ ಇರಲಿಲ್ಲ. ಒಬ್ಬರು ಆರಿಸಿಕೊಂಡ ಪಾತ್ರ ಇನ್ನೊಬ್ಬರಿಗೆ ಸಿಗದು, ಅಷ್ಟೇ ಅವರ ಚಿಂತೆ.

ಒಂದೇ ಯಂತ್ರದಲ್ಲಿ ಮೂವರವರೆಗೆ ಆಡಬಹುದಿತ್ತು. ಹೊಡೆಯಲು ಒಂದು ಗುಂಡಿ, ಹಾರಲು ಇನ್ನೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಸುತ್ತಲಿನವರೆಲ್ಲ ಉರುಳುತ್ತಿದ್ದರು, ಆದರೆ ನಿಮ್ಮ ಆಯುಷ್ಯದ ಪಟ್ಟಿಯೂ ಒಂದಿಷ್ಟು ಸವೆಯುತ್ತಿತ್ತು. ಡ್ರಮ್ಮು ಒಡೆದರೆ ಒಳಗಿಂದ ಊಟ! ಅದನ್ನು ಯಾರು ತಿನ್ನಬೇಕೆಂಬುದರಲ್ಲೇ ಸ್ನೇಹದ ಪರೀಕ್ಷೆ. ಆಯುಷ್ಯ ಕಡಿಮೆಯಿದ್ದವನಿಗೆ ಬಿಟ್ಟುಕೊಡುವುದು ಮರ್ಯಾದೆ. ಬಿಟ್ಟುಕೊಡದೆ ತಿಂದವನಿಗೆ ಹೊರಗೆ ಬಂದ ಮೇಲೆ ಬೈಗುಳ ತಪ್ಪದು. ದುಡ್ಡಿಲ್ಲದವರು ಬೆನ್ನಹಿಂದೆ ನಿಂತು ‘ಹಿಂದೆ ನೋಡು, ಹಿಂದೆ ನೋಡು’ ಎಂದು ಕೂಗುತ್ತಿದ್ದರು. ನೋಡುವುದಕ್ಕೆ ಕಾಸು ಬೇಕಿರಲಿಲ್ಲವಲ್ಲ.

ಮಳೆಗಾಲದಲ್ಲಿ ಇನ್ನೊಂದು ಸಂಕಟ. ಕೊನೆಯ ಹಂತಕ್ಕೆ ಬರುವಷ್ಟರಲ್ಲಿ ಎಲ್ಲೋ ಮರ ಬಿದ್ದು ಕರೆಂಟು ಹೋಗಿಬಿಡುತ್ತಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಸಾಗರ, ಹೊಸನಗರ ತಾಲೂಕುಗಳ ಊರೂರೇ ಶರಾವತಿಯಲ್ಲಿ ಮುಳುಗಿದವು. ನಾಡಿಗೆಲ್ಲ ಬೆಳಕು ಹೋಗುವುದು ಅಲ್ಲಿಂದ. ಅಲ್ಲಿಯ ಹುಡುಗನ ಒಂದು ರೂಪಾಯಿ ಮಾತ್ರ ಕತ್ತಲೆಯಲ್ಲಿ ನೀರುಪಾಲು!

ಹೆತ್ತವರ ಆತಂಕ ಸುಳ್ಳಾಗಿರಲಿಲ್ಲ. ಸ್ಕೂಲು ತಪ್ಪಿಸುವುದು, ಅಂಗಡಿಗೆ ಕಳಿಸಿದಾಗ ಚಿಲ್ಲರೆ ಉಳಿಸಿಕೊಳ್ಳುವುದು, ಬೀಡಿಯ ಹೊಗೆ, ಎಲ್ಲವೂ ಇದ್ದವು. ಆಟದ ತುಂಬ ಹೊಡೆತ ಬಡಿತ, ಬಂದೂಕು, ಬಾಂಬು. ಆದರೂ ಮಗನನ್ನು ಹುಡುಕಬೇಕೆಂದರೆ ತಾಯಿಗೆ ಎಲ್ಲಿಗೆ ಆಳು ಕಳಿಸಬೇಕೆಂದು ಗೊತ್ತಿತ್ತು. ಪಕ್ಕದ ಕೋಣೆಯಲ್ಲೇ ಮೊಬೈಲು ಹಿಡಿದು ಮಲಗಿರುವ ಮಗ ಯಾರೊಡನೆ ಆಡುತ್ತಿದ್ದಾನೆಂದು ಇಂದು ಎಷ್ಟು ತಾಯಂದಿರಿಗೆ ಗೊತ್ತು?

ಸಹೋದರಿಯರೇ, ನಿಮ್ಮಲ್ಲಿ ಹೆಚ್ಚಿನವರು ಆ ಕೋಣೆಯೊಳಗೆ ಕಾಲಿಟ್ಟಿರಲಾರಿರಿ. ತೆರೆಯ ಮೇಲೆ ಹ್ಯಾನಾ ಗಂಡಸರ ಸರಿಸಮ ಹೋರಾಡುತ್ತಿದ್ದಳು. ತೆರೆಯ ಈಚೆ ಹೆಣ್ಣುಮಗುವಿಗೆ ಜಾಗವಿರಲಿಲ್ಲ. ಬೇರೆ ಪಾತ್ರ ಉಳಿಯದಿದ್ದರೆ ಮಾತ್ರ ಹುಡುಗರು ಹ್ಯಾನಾಳನ್ನು ಆರಿಸುತ್ತಿದ್ದರು, ಅದೂ ನಾಚುತ್ತಾ. ಅಣ್ಣನ ಬಾಯಿಂದ ರಾತ್ರಿ ಊಟದ ಹೊತ್ತಿಗೆ ಕತೆ ಕೇಳಿ ಅಷ್ಟಕ್ಕೇ ತೃಪ್ತಿಪಟ್ಟ ತಂಗಿಯರೆಷ್ಟೋ.

ಟಿವಿಗೆ ಜೋಡಿಸಿ ಮನೆಯಲ್ಲಿ ಆಡುವ ಯಂತ್ರಗಳಿಗೆ ಈ ಆಟವನ್ನು ಕಂಪೆನಿ ತರಲೇ ಇಲ್ಲ. ಹಳೆಯ ಯಂತ್ರಗಳ ಆಟವನ್ನು ಕಂಪ್ಯೂಟರಿನಲ್ಲಿ ಓಡಿಸುವ ‘ಮೇಮ್’ ತಂತ್ರಾಂಶ 1997ರಲ್ಲಿ ಹುಟ್ಟಿತು. ಆಮೇಲೆ ಮುಸ್ತಫಾ ಸಿಡಿಗಳಲ್ಲಿ, ಸೈಬರ್ ಕೆಫೆಗಳಲ್ಲಿ ತಿರುಗಾಡಿದ. ಅದರಲ್ಲಿ ನಾಣ್ಯಕ್ಕೂ ಒಂದು ಕೀಲಿ ಇದೆ. ಒತ್ತಿದಷ್ಟು ಸಲ ಜೀವ ಬರುತ್ತದೆ, ಯಾರೂ ಸೋಲುವುದಿಲ್ಲ.

ಅಂದಹಾಗೆ, ಮನೆಯವರನ್ನು ಕೇಳುವಾಗ ‘ನೀವು ಯಾರನ್ನು ತಗೊಳ್ತಿದ್ರಿ?’ ಎಂದೂ ಕೇಳಿ. ಜ್ಯಾಕ್ ಎಂದರೆ, ಅಂಗಡಿಗೆ ಯಾವಾಗಲೂ ತಡವಾಗಿ ಬರುತ್ತಿದ್ದ ಪಾಪದ ಹುಡುಗ ಅವರೇ ಎಂದು ತಿಳಿಯಿರಿ.