ಚಳಿಗಾಲದಲ್ಲಿ ಮೊದಲ ಟ್ರಯಥ್ಲಾನ್: ಮೈಮೇಲೆ ಏನಿರಬೇಕು, ಏನು ಬೇಡ?

ಈಜು, ಸೈಕಲ್, ಓಟ. ಮಧ್ಯೆ ವಿಶ್ರಾಂತಿ ಇಲ್ಲದೆ ಮೂರನ್ನೂ ಒಂದರ ಹಿಂದೆ ಒಂದು ಮುಗಿಸುವ ಸ್ಪರ್ಧೆಯೇ ಟ್ರಯಥ್ಲಾನ್. 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಶುರುವಾದ ಈ ಆಟ 2000ದ ಸಿಡ್ನಿ ಒಲಿಂಪಿಕ್ಸ್‌ಗೂ ಬಂತು. ಹೊಸಬರು ಸಾಮಾನ್ಯವಾಗಿ ಆರಿಸಿಕೊಳ್ಳೋದು 'ಸ್ಪ್ರಿಂಟ್' ವಿಭಾಗ. ಅದರಲ್ಲಿ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ ಇರುತ್ತೆ.

ನಮ್ಮ ಮಲೆನಾಡಿನ ಊರುಗಳಲ್ಲೂ ಬೆಳಗಿನ ಜಾವ ಸೈಕಲ್ ತುಳಿಯೋರು, ಓಡೋರು ಈಗ ಕಾಣ್ತಾರೆ. ಅವರಲ್ಲಿ ಯಾರಾದ್ರೂ ಡಿಸೆಂಬರ್, ಜನವರಿಯ ಸ್ಪರ್ಧೆಗೆ ಹೆಸರು ಕೊಟ್ಟರೆ ಮನೆಯವರು ಕೇಳೋ ಮೊದಲ ಪ್ರಶ್ನೆ, "ಈ ಚಳೀಲಿ ನೀರಿಗಿಳೀತೀಯಾ?" ಪ್ರಶ್ನೆ ನ್ಯಾಯವಾದದ್ದೇ. ಆದರೆ ನಮ್ಮ ಕಡೆ ಚಳಿ ನಿಜವಾಗಿ ಹಿಡಿಯೋದು ನೀರಿಗೆ ಇಳಿದಾಗ ಅಲ್ಲ, ನೀರಿನಿಂದ ಎದ್ದು ಸೈಕಲ್ ಹತ್ತಿದಾಗ. ಬಟ್ಟೆಯ ಲೆಕ್ಕಾಚಾರವೆಲ್ಲ ಇದರ ಮೇಲೆ ನಿಂತಿದೆ.

ಸೈಕಲ್ ಮೇಲೆ ಯಾಕೆ ಚಳಿ ಹೆಚ್ಚು?

ಚಳಿಗಾಲದ ಮುಂಜಾನೆ ಕೆರೆ ಮೇಲೆ ಹಬೆ ಏಳೋದನ್ನ ಎಲ್ಲರೂ ನೋಡಿರ್ತೀವಿ. ಹೊರಗಿನ ಗಾಳಿಗಿಂತ ನೀರು ಬೆಚ್ಚಗಿರುತ್ತೆ ಅನ್ನೋದಕ್ಕೆ ಅದೇ ಸಾಕ್ಷಿ. ಈಜುವಾಗ ಕೈಕಾಲು ಆಡ್ತಿರುತ್ತೆ, ಅಷ್ಟಾಗಿ ಗೊತ್ತಾಗಲ್ಲ. ಆದರೆ ಒದ್ದೆ ಮೈಯಲ್ಲಿ ಸೈಕಲ್ ಹತ್ತಿದ ಕೂಡಲೇ ಗಾಳಿ ಹೊಡೆಯುತ್ತೆ, ಮೈಮೇಲಿನ ನೀರು ಆರುತ್ತಾ ದೇಹದ ಶಾಖವನ್ನ ಎಳೆದುಕೊಂಡು ಹೋಗುತ್ತೆ.

ಹವಾಮಾನ 12 ಡಿಗ್ರಿ ಇದ್ದಾಗ ಗಂಟೆಗೆ 30 ಕಿ.ಮೀ. ವೇಗದ ಗಾಳಿ ಮುಖಕ್ಕೆ ಬಡಿದರೆ, ಒಣಗಿದ ಚರ್ಮಕ್ಕೇ ಅದು ಸುಮಾರು 9 ಡಿಗ್ರಿಯಂತೆ ಅನ್ನಿಸುತ್ತೆ. ಮೈ ಒದ್ದೆಯಾಗಿದ್ದರೆ ಇನ್ನೂ ಜಾಸ್ತಿ. ಇಳಿಜಾರಿನ ರಸ್ತೆಯಲ್ಲಿ ಪೆಡಲ್ ತುಳಿಯೋದೂ ನಿಲ್ಲುತ್ತೆ, ಮೈ ಬಿಸಿಯಾಗೋಕೆ ದಾರಿಯೇ ಇರಲ್ಲ. ಆಗ ಬೆರಳು ಮರಗಟ್ಟಿ ಬ್ರೇಕ್ ಹಿಡಿಯೋಕೆ ಆಗದೇ ಹೋದರೆ ಅದು ಬರೀ ಚಳಿಯ ಮಾತಲ್ಲ, ಅಪಘಾತದ ಮಾತು.

ಕಾಟನ್ ಬನಿಯನ್ ಬೇಡವೇ ಬೇಡ

ಬೇಸಿಗೆಗೆ ಹತ್ತಿ ಬಟ್ಟೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಅದು ನೀರು ಕುಡಿದು ಭಾರವಾಗಿ ಮೈಗಂಟಿಕೊಂಡರೆ ಬೇಗ ಒಣಗೋದೇ ಇಲ್ಲ. ಒದ್ದೆ ಕಾಟನ್ ಹಾಕ್ಕೊಂಡು ಸೈಕಲ್ ತುಳಿಯೋದೂ ಒದ್ದೆ ಟವೆಲ್ ಸುತ್ತಿಕೊಂಡು ಫ್ಯಾನ್ ಕೆಳಗೆ ಕೂರೋದೂ ಒಂದೇ.

ಬೇಕಾಗಿರೋದು ಮೈಗೆ ಸರಿಯಾಗಿ ಕೂರುವ ಪಾಲಿಯೆಸ್ಟರ್ ಅಥವಾ ನೈಲಾನ್-ಲೈಕ್ರಾ ಬಟ್ಟೆ. ಮೂರೂ ಆಟಕ್ಕೆ ಆಗುವಂಥ 'ಟ್ರೈಸೂಟ್' ಅಂತ ಒಂದೇ ಉಡುಪು ಸಿಗುತ್ತೆ. ಅದರ ಕೂರುವ ಜಾಗದಲ್ಲಿ ತೆಳ್ಳಗಿನ ಪ್ಯಾಡ್ ಇರುತ್ತೆ. ಮೊದಲ ಸಲಕ್ಕೆ ಅದೇ ಆಗಬೇಕು ಅಂತೇನಿಲ್ಲ. ಬಿಗಿಯಾದ ಸೈಕ್ಲಿಂಗ್ ಚಡ್ಡಿ, ಮೇಲೊಂದು ಮೈಗಂಟುವ ಡ್ರೈಫಿಟ್ ಟೀಶರ್ಟ್ ಸಾಕು. ಹೆಣ್ಣುಮಕ್ಕಳಿಗೆ ಸ್ಪೋರ್ಟ್ಸ್ ಬ್ರಾ, ಮೇಲೆ ಟೀಶರ್ಟ್, ಕೆಳಗೆ ಪಾಲಿಯೆಸ್ಟರ್ ಟೈಟ್ಸ್ ಅನುಕೂಲ. ಚೂಡಿದಾರ್ ಜೊತೆ ಮಾರುವ ಲೆಗ್ಗಿಂಗ್ಸ್‌ನಲ್ಲಿ ಕಾಟನ್ ಹೆಚ್ಚಿರುತ್ತೆ, ಲೇಬಲ್ ನೋಡಿ ತಗೊಳ್ಳಿ.

ಈ ಬಟ್ಟೆಯಲ್ಲೇ ನೀರಿಗಿಳಿದು, ಅದರಲ್ಲೇ ಓಟ ಮುಗಿಸೋದು ಲೇಸು. ನಡುವೆ ಬಟ್ಟೆ ಬದಲಿಸುವ ಜಾಗಕ್ಕೆ 'ಟ್ರಾನ್ಸಿಷನ್' ಅಂತಾರೆ. ಅಲ್ಲಿ ಬೆತ್ತಲಾಗೋ ಹಾಗಿಲ್ಲ. ಸೈಕಲ್ ಮೇಲೂ ಓಟದಲ್ಲೂ ಎದೆ, ಬೆನ್ನು ಮುಚ್ಚಿರಬೇಕು.

ವೆಟ್‌ಸೂಟ್ ಬೇಕಾ?

ನಿಯೋಪ್ರೀನ್ ಅನ್ನೋ ರಬ್ಬರ್‌ನಿಂದ ಮಾಡಿದ ಈಜುಡುಪು ಅದು. ಆ ರಬ್ಬರ್ ಒಳಗಿನ ಸಣ್ಣ ಸಣ್ಣ ಗಾಳಿಗುಳ್ಳೆಗಳು ಶಾಖ ಹೊರಹೋಗದಂತೆ ತಡೀತವೆ. ಬೆಲೆ ಮಾತ್ರ ಸಾವಿರಗಟ್ಟಲೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ 1,500 ಮೀಟರ್‌ವರೆಗಿನ ಈಜಿಗೆ ನೀರು 22 ಡಿಗ್ರಿ ಅಥವಾ ಅದಕ್ಕಿಂತ ಬೆಚ್ಚಗಿದ್ದರೆ ಹವ್ಯಾಸಿಗಳು ವೆಟ್‌ಸೂಟ್ ಹಾಕೋ ಹಾಗಿಲ್ಲ. 15.9 ಡಿಗ್ರಿ ಅಥವಾ ಕಡಿಮೆ ಇದ್ದರೆ ಹಾಕಲೇಬೇಕು. ನಮ್ಮ ಕಡೆಯ ನೀರು ಸಾಮಾನ್ಯವಾಗಿ ಅಷ್ಟು ತಣ್ಣಗಾಗಲ್ಲ. ಹಾಗಾಗಿ ಆಯೋಜಕರ ನಿಯಮ ಓದದೆ ದುಡ್ಡು ಸುರೀಬೇಡಿ.

ಜರ್ಮನಿ, ಇಂಗ್ಲೆಂಡ್, ಕೆನಡಾದಲ್ಲಿರುವ ನಮ್ಮೂರ ಮಕ್ಕಳ ಲೆಕ್ಕ ಬೇರೆ. ಅಲ್ಲಿನ ಸರೋವರಗಳಲ್ಲಿ ಮೇ, ಜೂನ್‌ನಲ್ಲೂ ನೀರು ಕೊರೆಯುತ್ತೆ. ಅವರಿಗೆ ವೆಟ್‌ಸೂಟ್ ಬೇಕಾಗಬಹುದು, ಬಾಡಿಗೆಗೆ ಸಿಕ್ಕರೆ ಮೊದಲ ಸಲಕ್ಕೆ ಅದೇ ಸಾಕು. ತಣ್ಣೀರಿಗೆ ಒಮ್ಮೆಲೇ ಧುಮುಕಿದರೆ ಉಸಿರು ಏದುಸಿರಾಗಿ ನೀರು ಕುಡಿಯೋ ಅಪಾಯವಿದೆ. ಮೊದಲು ಮುಖ, ಕತ್ತಿಗೆ ನೀರು ಹಾಕ್ಕೊಂಡು ನಿಧಾನಕ್ಕೆ ಇಳೀಬೇಕು.

ನಮ್ಮ ಪೇಟೆಯಲ್ಲೇ ಸಿಗುವ ಸಾಮಾನು

ತೋಳಿಗೆ: ಸ್ಕೂಟರ್ ಓಡಿಸೋರು ಬಿಸಿಲಿಗೆ ಹಾಕೋ ಆರ್ಮ್ ಸ್ಲೀವ್ಸ್ ಸಾಕು. ಒದ್ದೆ ಕೈಗೆ ಏರಲ್ಲ, ಅದಕ್ಕೆ ಮೊದಲೇ ಸುರುಳಿ ಸುತ್ತಿಡಿ. ಉದ್ದನೆಯ ಫುಟ್‌ಬಾಲ್ ಕಾಲುಚೀಲದ ತುದಿ ಕತ್ತರಿಸಿದರೂ ಅದೇ ಕೆಲಸ ಮಾಡುತ್ತೆ.

ಎದೆಗೆ: ತೆಳ್ಳಗಿನ, ಜಿಪ್ ಇರುವ ವಿಂಡ್‌ಚೀಟರ್. ಬೈಕಿನ ದಪ್ಪ ರೇನ್‌ಕೋಟ್ ಬೇಡ, ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತೆ, ಒಳಗೆ ಬೆವರು ನಿಲ್ಲುತ್ತೆ. ಏನೂ ಇಲ್ಲದಿದ್ದರೆ ಹಳೇ ದಿನಪತ್ರಿಕೆ! ಟೂರ್ ಡಿ ಫ್ರಾನ್ಸ್‌ನ ಸವಾರರೇ ಬೆಟ್ಟ ಇಳಿಯುವಾಗ ಜರ್ಸಿಯೊಳಗೆ ಪೇಪರ್ ತುರುಕಿಕೊಳ್ತಿದ್ದರು. ಎದೆಗೆ ಗಾಳಿ ತಟ್ಟದಿದ್ದರೆ ಅರ್ಧ ಚಳಿ ಹೋದಂತೆ.

ಕೈಗೆ: ಬ್ರೇಕ್ ಹಿಡಿತ ತಪ್ಪದಂಥ, ಪೂರ್ತಿ ಬೆರಳು ಮುಚ್ಚುವ ತೆಳ್ಳಗಿನ ಗ್ಲೌಸ್. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಕಾಲಿಗೆ: ಒಣಗಿದ ಸಾಕ್ಸ್. ಒಳಗೆ ಸ್ವಲ್ಪ ಟಾಲ್ಕಂ ಪೌಡರ್ ಹಾಕಿಟ್ಟರೆ ಸಲೀಸಾಗಿ ಏರುತ್ತೆ.

ತಲೆಗೆ: ಸೈಕಲ್ ಹೆಲ್ಮೆಟ್, ಬೈಕಿನದ್ದು ನಡೆಯಲ್ಲ. ಸೈಕಲ್ ಮುಟ್ಟುವ ಮೊದಲೇ ಬಕಲ್ ಹಾಕಬೇಕು, ಇಲ್ಲದಿದ್ದರೆ ದಂಡ ಬೀಳುತ್ತೆ. ಹೆಲ್ಮೆಟ್ ಅಡಿಯಲ್ಲಿ ಕಿವಿ ಮುಚ್ಚುವ ತೆಳ್ಳಗಿನ ಪಟ್ಟಿ ಕಟ್ಟಿಕೊಳ್ಳಬಹುದು.

ಕಂಕುಳು, ತೊಡೆಸಂದಿ ಉಜ್ಜಿ ಉರಿಯದಂತೆ ವ್ಯಾಸಲೀನ್ ಹಚ್ಚಿಕೊಳ್ಳಿ. ಇದು ಚಳಿ ತಡೆಯಲ್ಲ, ಚರ್ಮ ಉಳಿಸುತ್ತೆ ಅಷ್ಟೇ. ಇವನ್ನೆಲ್ಲ ಹಾಕ್ಕೊಳ್ಳೋಕೆ ಎರಡು ನಿಮಿಷ ಹೆಚ್ಚಾದರೆ ಆಗಲಿ. ಮೊದಲ ಸ್ಪರ್ಧೆಯಲ್ಲಿ ಪದಕಕ್ಕಿಂತ ಕ್ಷೇಮವಾಗಿ ಮುಗಿಸೋದು ದೊಡ್ಡದು. ಓಟ ಶುರುವಾದ ಮೇಲೆ ಮೈ ತಾನಾಗೇ ಬಿಸಿಯಾಗುತ್ತೆ, ವಿಂಡ್‌ಚೀಟರ್ ಅಲ್ಲೇ ಬಿಚ್ಚಿಟ್ಟು ಓಡಿ.

ಶುರುವಿಗೂ ಕೊನೆಗೂ ಬೇರೆ ಬಟ್ಟೆ

ಸರದಿ ಬರುವವರೆಗೆ ಸ್ವೆಟರ್, ಮಂಕಿ ಕ್ಯಾಪ್, ಚಪ್ಪಲಿ ಬಿಚ್ಚಬೇಡಿ. ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಟವೆಲ್, ಒಣ ಬಟ್ಟೆ, ಇನ್ನೊಂದು ಸ್ವೆಟರ್ ಕಟ್ಟಿ ಮನೆಯವರ ಕೈಲಿ ಕೊಟ್ಟಿರಿ. ಸ್ಪರ್ಧೆ ಮುಗಿದ ಮೇಲೂ ಒದ್ದೆ ಬಟ್ಟೆಯಲ್ಲೇ ಫೋಟೊ ತೆಗೆಸಿಕೊಳ್ತಾ ನಿಂತರೆ ಚಳಿ ಮತ್ತೆ ಹಿಡಿಯುತ್ತೆ.

ನೋಡೋಕೆ ಬಂದವರಿಗೂ ಒಂದು ಮಾತು. ನಡುಕ ನಿಲ್ಲದಿದ್ದರೆ, ಮಾತು ತೊದಲಿದರೆ, ನಡಿಗೆ ತಡವರಿಸಿದರೆ ಅದು ಬರೀ ಸುಸ್ತಲ್ಲ, ದೇಹದ ಶಾಖ ಕುಸೀತಿದೆ ಅಂತ ಅರ್ಥ. ಸ್ಪರ್ಧೆ ನಿಲ್ಲಿಸಿ, ಒದ್ದೆ ಬಟ್ಟೆ ತೆಗೆದು, ಮೈ ಒರೆಸಿ, ಕಂಬಳಿ ಹೊದಿಸಿ. ಪೂರ್ತಿ ಎಚ್ಚರವಿದ್ದರೆ ಬಿಸಿಬಿಸಿ ಸಿಹಿ ಪಾನೀಯ ಕೊಡಿ. ಮದ್ಯ ಕೊಡಬೇಡಿ, ಕೈಕಾಲು ಗಸಗಸ ಉಜ್ಜಬೇಡಿ. ತಡಮಾಡದೆ ವೈದ್ಯರ ತಂಡವನ್ನ ಕರೀರಿ.

ಮನೆ ಮುಂದೆ ಒಂದು ಪರೀಕ್ಷೆ

ಹೊಸ ಬಟ್ಟೆಯನ್ನ ಸ್ಪರ್ಧೆಯ ದಿನವೇ ಮೊದಲ ಸಲ ಹಾಕಬೇಡಿ. ಒಂದು ವಾರ ಮುಂಚೆ, ಬೆಳಗ್ಗೆ ಆರೂವರೆಗೆ ಅದೇ ಬಟ್ಟೆ ಹಾಕ್ಕೊಂಡು ಒಂದು ಬಕೆಟ್ ತಣ್ಣೀರು ಸುರಿದುಕೊಳ್ಳಿ. ಸ್ಲೀವ್ಸ್, ಗ್ಲೌಸ್, ಹೆಲ್ಮೆಟ್ ಏರಿಸಿ ಮನೆ ಹತ್ತಿರವೇ ಇಪ್ಪತ್ತು ನಿಮಿಷ ಸೈಕಲ್ ತುಳೀರಿ. ಬೆರಳು ಬ್ರೇಕ್ ಹಿಡೀತವಾ, ಬಕಲ್ ಬಿಚ್ಚೋಕೆ ಆಗುತ್ತಾ ನೋಡಿ. ಆಗದಿದ್ದರೆ ಏನು ಕಡಿಮೆಯಾಗಿದೆ ಅಂತ ಅಲ್ಲೇ ಗೊತ್ತಾಗುತ್ತೆ, ಪೇಟೆಗೆ ಹೋಗಿ ತರೋಕೆ ಟೈಮೂ ಇರುತ್ತೆ. ಈಜಿನ ಅಭ್ಯಾಸಕ್ಕೆ ಮಾತ್ರ ಒಬ್ಬರೇ ಕೆರೆಗೆ ಇಳಿಯಬೇಡಿ. ಕಾವಲಿರುವ ಈಜುಕೊಳವೇ ಸರಿ.